ಜೀಪಿನ ಮೀಟರೂ ದಿನಕ್ಕೆ ಆರು ಕಿಲೋಮೀಟರೂ

ತುಂಬ ದಿನವಾಯಿತು ಇಲ್ಲಿ ಏನೂ ಬರೆಯದೆ. ಕಲೋತ್ಸವ, ಅರ್ಧವಾರ್ಷಿಕ ಪರೀಕ್ಷೆ, ವಾರ್ಷಿಕೋತ್ಸವ ಅಂತ ನೆವ ಹೇಳಬಹುದು. ಆದರೆ ನಿಜವಾದ ಕಾರಣ ಬೇರೆ. ಬರೆಯಲೇಬೇಕಾದ ವಿಷಯವೊಂದಿತ್ತು, ಬರೆಯಲು ನಾಚಿಕೆಯೂ ಇತ್ತು. ಈಗ ಒಂದು ಹಂತಕ್ಕೆ ಬಂದಿರುವುದರಿಂದ ಧೈರ್ಯ ಮಾಡಿದ್ದೇವೆ. ವಿಷಯ ಇಷ್ಟೆ: ನಮ್ಮ ಮಕ್ಕಳನ್ನು ಕರೆತರುವ ಜೀಪಿನ ಹಳೆಯ ಸ್ಪೀಡೋಮೀಟರ್ ತೆಗೆದು ಎಲೆಕ್ಟ್ರಾನಿಕ್ ಮೀಟರ್ ಹಾಕಿಸಿದೆವು. ಇದರಲ್ಲಿ ಬರೆಯುವುದಕ್ಕೆ ಎಂತ ಉಂಟು ಅಂತ ಕೇಳಬೇಡಿ. ಉಂಟು.

ಕಾಸರಗೋಡಿನ ನಮ್ಮ ಕಡೆಯ ಕನ್ನಡ ಶಾಲೆಗಳ ಸ್ಥಿತಿ ಇದನ್ನು ಓದುವವರಿಗೆ ಹೊಸದಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ನಮ್ಮಲ್ಲಿಗೆ ಬರಬೇಕಾದರೆ ಮಗು ಗುಡ್ಡ ಹತ್ತಿ ಇಳಿಯಬೇಕು. ಜೂನ್ ತಿಂಗಳಲ್ಲಿ ಆರನೇ ಅಧ್ಯಯನ ದಿನದಂದು ಹಾಜರಿರುವ ತಲೆಗಳನ್ನು ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ ಉಳಿಯುತ್ತದೆ ಅಥವಾ ಹೋಗುತ್ತದೆ. ನಮ್ಮ ಮಕ್ಕಳಲ್ಲಿ 23 ಮಂದಿ ಗುಡ್ಡದ ಆಚೆಯವರು. ಅವರು ಬರುವುದು ಒಂದು ಜೀಪಿನಲ್ಲಿ, ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು ಟ್ರಿಪ್. ಜೀಪು ನಿಂತರೆ ಆ 23ರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಅಂತ ಲೆಕ್ಕ ಹಾಕಲು ನಮಗೆ ಯಾವ ಮೀಟರೂ ಬೇಡ.

ಜೀಪಿನ ಯಜಮಾನರನ್ನು ನಾವು ಜೀಪಿನಣ್ಣ ಅನ್ನುತ್ತೇವೆ, ಮಕ್ಕಳು ಜೀಪಜ್ಜ ಅನ್ನುತ್ತಾರೆ. ಅರವತ್ತರ ಹತ್ತಿರದ ವಯಸ್ಸು. ಬಸ್ಸು ಕಡಿಮೆ ಇದ್ದ ಕಾಲದಲ್ಲಿ ಬದಿಯಡ್ಕ, ಪೆರ್ಲ ಕಡೆ ಸರ್ವೀಸ್ ಜೀಪು ಓಡಿಸಿದವರು. ಒಳಗೆ ಹದಿನೈದು ಮಂದಿ, ಹಿಂದೆ ನೇತಾಡುವವರು ಬೇರೆ... ಆ ಸರ್ವೀಸ್ ಜೀಪಿನಲ್ಲಿ ನೇತಾಡಿಯೇ ನಮ್ಮಲ್ಲಿ ಕೆಲವರು ಟಿ.ಸಿ.ಎಚ್. ಓದಲು ಹೋಗಿ ಬಂದದ್ದು.

ಈಗಿನ ಜೀಪು ಮಹೀಂದ್ರಾದ ಹಳೆಯ ನಾಲ್ಕು ಚಕ್ರದ ಎಳೆತದ್ದು. ಫೋರ್ ವೀಲ್ ಡ್ರೈವ್ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹುಟ್ಟುವಾಗ ಪೆಟ್ರೋಲ್ ಎಂಜಿನ್. ಹಿಂದಿನ ಯಜಮಾನರು ಡೀಸೆಲ್ ಮಾಡಿದರು. ಆ ಡೀಸೆಲ್ ಎಂಜಿನೂ ಕೊನೆಗೆ ಹೊಗೆ ಕಾರಿ ಕಾರಿ ಕೈಕೊಟ್ಟಿತು. ಜೀಪಿನಣ್ಣ ಸೊಸೈಟಿಯಿಂದ ಸಾಲ ತೆಗೆದು ಬೊಲೆರೋದಿಂದ ಇಳಿಸಿದ ಡಿ.ಐ. ಎಂಜಿನನ್ನೂ ಅದರ ಐದು ಗೇರಿನ ಗೇರ್‌ಬಾಕ್ಸನ್ನೂ ಕೂರಿಸಿದರು. ಎಂಜಿನ್ ಬದಲಿಸಿದರೆ ಸಾಲದು, ಅದು ಆರ್.ಸಿ.ಯಲ್ಲಿಯೂ ಏರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವುದೇ ಅದಕ್ಕೆ. ಅದನ್ನೂ ಓಡಾಡಿ ಮಾಡಿಸಿಕೊಂಡರು. ಹೊಸ ಎಂಜಿನು ಹಳೆಯದರಷ್ಟು ತಿರುಗುವ ಜಾತಿಯದ್ದಲ್ಲ, ನಿಧಾನಕ್ಕೆ ತಿರುಗಿ ಬಲವಾಗಿ ಎಳೆಯುವಂಥದ್ದು. ಹಾಗಾಗಿ ಹಿಂದೆ ಮುಂದೆ ಎರಡೂ ಆಕ್ಸಲಿನ ಕ್ರೌನ್-ಪಿನಿಯನ್ ಬದಲಿಸಿದರು. ಮಳೆಗಾಲದ ಕೆಸರಿಗೆ ದೊಡ್ಡ ಟಯರು ಹಾಕಿದರು. ಇಷ್ಟೆಲ್ಲ ಆದಾಗ ನಾವು ಹೋಗಿ ನೋಡಿ, "ಒಳ್ಳೆ ಆಯ್ತು ಅಣ್ಣ, ಇನ್ನು ಇಪ್ಪತ್ತು ವರ್ಷಕ್ಕೆ ತೊಂದರೆ ಇಲ್ಲ" ಅಂತ ಹೇಳಿ ಬಂದಿದ್ದೆವು. ಏನು ಬದಲಾಯಿತು ಅಂತ ಅವರು ಒಂದೊಂದಾಗಿ ವಿವರಿಸಿಯೂ ಇದ್ದರು. ಕೇಳಿಸಿಕೊಂಡದ್ದು ಅಷ್ಟಕ್ಕಷ್ಟೆ.

ಈ ಜೀಪಿನ ಮೀಟರ್ ಸತ್ತು ಎಷ್ಟೋ ವರ್ಷವಾಗಿತ್ತು. ಅಲ್ಲಿಯವರೆಗೆ ಪಿ.ಟಿ.ಎ.ಯಿಂದ ತಿಂಗಳಿಗೆ ಇಂತಿಷ್ಟು ಅಂತ ಕೊಡುತ್ತಿದ್ದೆವು. ಕಳೆದ ವರ್ಷ ಹೊಸ ಸಮಿತಿ ಬಂತು. ಇನ್ನು ಲೆಕ್ಕ ಇರಬೇಕು, ಕಿಲೋಮೀಟರಿಗೆ 20 ರೂಪಾಯಿ, ಮೀಟರ್ ನೋಡಿ ಕೊಡುವುದು ಅಂತ ಠರಾವಾಯಿತು. ಠರಾವಿಗೆ ನಾವು ಅಧ್ಯಾಪಕರೂ ಕೈ ಎತ್ತಿದೆವು. ಮೀಟರ್ ಸರಿಮಾಡಿಸುವ ಖರ್ಚು ಜೀಪಿನಣ್ಣನದು. ಅವರು ಲೇತಿನಲ್ಲಿ ಒಂದು ನಟ್ಟು ಮಾಡಿಸಿ, ಹೊಸ ಕೇಬಲ್ ಹಾಕಿಸಿ, ಮುಳ್ಳು ಅಲ್ಲಾಡುವ ಹಾಗೆ ಮಾಡಿಕೊಂಡು ಬಂದರು. ಮೊದಲ ದಿನ ಸಂಜೆ ಮೀಟರ್ ನೋಡಿದರೆ 34 ಕಿಲೋಮೀಟರ್.

"ಮಾಷ್ಟ್ರೆ, ನಲ್ವತ್ತು ಉಂಟು" ಅಂದರು ಜೀಪಿನಣ್ಣ.

"ಮೀಟರ್ ಮೂವತ್ತನಾಲ್ಕು ಹೇಳ್ತದಲ್ಲ ಅಣ್ಣ?"

"ಹೇಳ್ತದೆ. ಆದ್ರೆ ನಲ್ವತ್ತು ಉಂಟು. ನಾನು ಈ ಮಾರ್ಗದಲ್ಲಿ ಎಷ್ಟು ವರ್ಷ ಆಯ್ತು ಓಡ್ಲಿಕ್ಕೆ ಹಿಡ್ದು!"

ನಾವು ರಿಜಿಸ್ಟರಿನಲ್ಲಿ 34 ಬರೆದೆವು. ಮಾರನೆಯ ದಿನವೂ 34. ಒಂದು ವಾರ ಅವರು ಹೇಳಿದರು, ಆಮೇಲೆ ಹೇಳುವುದನ್ನು ಬಿಟ್ಟರು. ಡೀಸೆಲಿಗೆ ಸಾಕಾಗುವುದಿಲ್ಲ ಅಂತ ಆಗಸ್ಟಿನಲ್ಲಿ ಒಮ್ಮೆ ಕೇಳಿದಾಗ ಸಮಿತಿಯಲ್ಲಿ ಯಾರೋ, ಮೂವತ್ತನಾಲ್ಕಕ್ಕೆ ನಲ್ವತ್ತರ ಡೀಸೆಲ್ ಯಾಕೆ ಬೇಕು, ಉಳಿದದ್ದು ಎಲ್ಲಿಗೆ ಹೋಗ್ತದೆ ಅಂದರು. ಕೆಲವರು ನಕ್ಕರು. ನಾವು ನಗಲಿಲ್ಲ, ಆದರೆ ಬಾಯಿಯನ್ನೂ ತೆರೆಯಲಿಲ್ಲ. ಊರಿನಲ್ಲಿ ಇಂಥ ಮಾತು ನಿಲ್ಲುತ್ತದೆಯೆ? ತಿಂಗಳೊಳಗೆ ಹೋಟೆಲಿನಲ್ಲೂ ಅದೇ ಮಾತು. ಜೀಪಿನಣ್ಣ ಸಂಜೆ ಮಕ್ಕಳನ್ನು ಇಳಿಸಿ ಬಂದ ಮೇಲೆ ಸ್ಟಾಫ್ ರೂಮಿನ ಹತ್ತಿರ ಬಂದು ನಿಂತು ಎರಡು ಮಾತು ಆಡುವ ಕ್ರಮ ಇತ್ತು. ಅದು ನಿಂತಿತು. ಡಿಸೆಂಬರಿನಲ್ಲಿ, ಮಾರ್ಚಿನ ನಂತರ ನನ್ನಿಂದ ಆಗುವುದಿಲ್ಲ, ಬೇರೆ ಜೀಪು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ನೇರವಾಗಿ ಬಂದು ಹೇಳಲೂ ಇಲ್ಲ.

ಕ್ರಿಸ್ಮಸ್ ರಜೆ ಮುಗಿದು ಎರಡು ವಾರದಲ್ಲಿ ಮೀಟರಿನ ಕೇಬಲ್ ಮತ್ತೆ ತುಂಡಾಯಿತು. ಅದು ಮೂರನೇ ಸಲ. ಹೊಸ ಗೇರ್‌ಬಾಕ್ಸ್ ಹಳೆಯದಕ್ಕಿಂತ ಉದ್ದ, ಹಾಗಾಗಿ ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿದಿತ್ತು. ಮೀಟರಿಗೆ ಕೇಬಲ್ ಹೊರಡುವುದು ಅಲ್ಲಿಂದಲೇ. ಹಳೆಯ ಉದ್ದದ ಕೇಬಲನ್ನು ಎಳೆದು, ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಕಡಿದಾಗಿ ಬಗ್ಗಿಸಿ ಹಾಕಿದ್ದರು. ಒಳಗಿನ ತಂತಿ ಬಿಸಿಗೂ ಬಾಗಿಗೂ ಸಿಕ್ಕಿ ತುಂಡಾಗದೆ ಇನ್ನೇನು? ತುಂಡಾಗುವ ಮೊದಲು ಮುಳ್ಳು ಇಪ್ಪತ್ತರಿಂದ ಐವತ್ತಕ್ಕೆ ಕುಣಿಯುತ್ತಿತ್ತಂತೆ, ಮಕ್ಕಳಿಗೆ ಅದೊಂದು ತಮಾಷೆ.

ಈ ಸಲ ಲೆಕ್ಕ ತಪ್ಪಬಾರದು ಅಂತ ಸಮಿತಿಯ ಪರವಾಗಿ ನಾವೇ ಇಬ್ಬರು ಜೀಪಿನ ಜೊತೆ ಮೆಕ್ಯಾನಿಕ್ ಹತ್ತಿರ ಹೋದೆವು. ಎಂಜಿನ್ ಕೂರಿಸಿದ ಮೆಕ್ಯಾನಿಕ್ ಅವರೇ. ಮಲಯಾಳದವರು, ಕನ್ನಡ ಚೆನ್ನಾಗಿ ಬರುತ್ತದೆ. ಜೀಪಿನ ಅಡಿಯಿಂದಲೇ ಮಾತಾಡಿದರು: "ಕೇಬಲ್ ಹಾಕಿ ಎಂತ ಪ್ರಯೋಜನ ಮಾಷೆ? ಸರಿ ತೋರಿಸದ ಮೀಟರಿಗೆ?"

ಸರಿ ತೋರಿಸುವುದಿಲ್ಲವೆ?

ಅವರು ಹೊರಗೆ ಬಂದು ಕೈ ಒರೆಸಿಕೊಂಡರು. "ಕ್ರೌನ್ ಬದಲಾಯ್ತು, ಟಯರ್ ಬದಲಾಯ್ತು. ಮೀಟರಿಗೆ ಹೋಗುವ ಹಲ್ಲು ಹಳೇದೇ. ಮತ್ತೆ ಹೇಗೆ ಸರಿ ತೋರಿಸ್ತದೆ? ಇದನ್ನ ನೋಡಿ ನೀವು ಇವರಿಗೆ ಪೈಸೆ ಕೊಡುದಾ?"

ಜೀಪಿನಣ್ಣ ಆಚೆ ತಿರುಗಿ ಬೀಡಿ ಹಚ್ಚಿದರು. ನಾವಿಬ್ಬರೂ ನೆಲ ನೋಡಿದೆವು.

ಇನ್ನು ಸ್ವಲ್ಪ ಲೆಕ್ಕ. ಬೇಸರವಾಗುವವರು ಒಂದೆರಡು ಪ್ಯಾರಾ ಹಾರಿಸಬಹುದು, ಆದರೆ ಏಳನೇ ತರಗತಿಯ ಮಕ್ಕಳು ಹಾರಿಸದೆ ಮಾಡಿದ ಲೆಕ್ಕ ಇದು. ಮೆಕ್ಯಾನಿಕ್ ಮೂಲೆಯ ಗುಜರಿಯಿಂದ ಹಳೆಯ ಕ್ರೌನ್-ಪಿನಿಯನ್ ಹುಡುಕಿ ಕೊಟ್ಟರು. ಶಾಲೆಯ ಜಗಲಿಯಲ್ಲಿಟ್ಟು ಮಕ್ಕಳು ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿದರು. ಕ್ರೌನಿಗೆ 43 ಹಲ್ಲು, ಪಿನಿಯನಿಗೆ 8. ಅಂದರೆ ಚಕ್ರ ಒಂದು ಸುತ್ತು ಬರಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ 5.375 ಸುತ್ತು ಬರಬೇಕು. ಈಗ ಒಳಗೆ ಕೂತಿರುವುದು 39ಕ್ಕೆ 8ರದ್ದು, ಅಂದರೆ 4.875 ಸುತ್ತು. ಮೀಟರಿನ ಕೇಬಲ್ ತಿರುಗುವುದು ಈ ಶಾಫ್ಟಿನ ಸುತ್ತಿನಿಂದ, ಚಕ್ರದಿಂದಲ್ಲ, ಎಂಜಿನಿನಿಂದಲೂ ಅಲ್ಲ. ಎಂಜಿನ್ ಬದಲಿಸಿದ್ದಕ್ಕೆ ಮೀಟರ್ ಹಾಳಾಯಿತು ಅಂತ ಊರಿನಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಪಾಪ ಎಂಜಿನ್ ಏನೂ ಮಾಡಿಲ್ಲ, ಅದರ ಜೊತೆ ಬಂದ ಬದಲಾವಣೆಗಳು ಮಾಡಿದ್ದು.

ಆಮೇಲೆ ಟಯರು. ಜೀಪಿನ ಹಿಂದೆ ನೇತಾಡುವ ಸ್ಟೆಪ್ನಿ ಇನ್ನೂ ಹಳೆಯ ಅಳತೆಯದು, 6.00-16. ಅದಕ್ಕೊಂದು ಗುರುತು ಹಾಕಿ ಅಂಗಳದಲ್ಲಿ ಹತ್ತು ಸುತ್ತು ಉರುಳಿಸಿ ಟೇಪ್ ಹಿಡಿದೆವು: 22.5 ಮೀಟರ್. ಈಗ ಹಾಕಿರುವ 7.00-16 ಟಯರಿಗೆ ಗುರುತು ಹಾಕಿ, ಖಾಲಿ ಜೀಪನ್ನು ಮಕ್ಕಳೆಲ್ಲ ಸೇರಿ ತಳ್ಳಿ ಹತ್ತು ಸುತ್ತು ತಿರುಗಿಸಿದರು: 24 ಮೀಟರ್. ಜೀಪು ತಳ್ಳುವುದಕ್ಕೆ ಒಂದನೇ ತರಗತಿಯವರೂ ಬಂದಿದ್ದರು, ಲೆಕ್ಕಕ್ಕೆ ಮಾತ್ರ ಯಾರೂ ಉಳಿಯಲಿಲ್ಲ... ಅದು ಬೇರೆ ಮಾತು.

ಹಳೆಯ ಏರ್ಪಾಟಿನಲ್ಲಿ ಒಂದು ಕಿಲೋಮೀಟರಿಗೆ ಚಕ್ರ 444 ಸುತ್ತು, ಶಾಫ್ಟ್ 2389 ಸುತ್ತು. ಈಗ ಚಕ್ರ 417 ಸುತ್ತು, ಶಾಫ್ಟ್ 2031 ಸುತ್ತು. 2031ನ್ನು 2389ರಿಂದ ಭಾಗಿಸಿದರೆ 0.85. ಅಂದರೆ ಜೀಪು ನಿಜವಾಗಿ ನೂರು ಕಿಲೋಮೀಟರ್ ಓಡಿದರೆ ಮೀಟರ್ 85 ಅನ್ನುತ್ತದೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ. ಕೆಳಗೆ 40 ಗುಣಿಸು 0.85 ಅಂತ ಬರೆದು, ಉತ್ತರ 34 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ನಮ್ಮ ಮುಖ ನೋಡಿದಳು. ಅವಳು ಜೀಪಿನಲ್ಲಿ ಬರುವ ಮಗು.

ನಮಗೆ ಹೆಚ್ಚು ಚುಚ್ಚಿದ್ದು ಬೇರೆ. ಈ ಹಲ್ಲಿನ ಲೆಕ್ಕ, ಟಯರಿನ ಲೆಕ್ಕ ಬಿ.ಎ. ಓದಿದ ನಮಗೆ ಹೊಳೆಯದಿದ್ದದ್ದು ದೊಡ್ಡ ತಪ್ಪಲ್ಲ. ಆದರೆ ಎಲ್ಲರ ಕಿಸೆಯಲ್ಲೂ ಮೊಬೈಲು ಇತ್ತು. ಗುಡ್ಡದಲ್ಲಿ ರೇಂಜ್ ಇಲ್ಲ ಅನ್ನುವುದೂ ನೆವವಾಗುವುದಿಲ್ಲ, ಜಿ.ಪಿ.ಎಸ್.ಗೆ ಉಪಗ್ರಹ ಕಂಡರೆ ಸಾಕು, ಟವರ್ ಬೇಡ. ಏಳು ತಿಂಗಳಲ್ಲಿ ಒಂದು ದಿನ, ಒಬ್ಬರಾದರೂ ಜೀಪಿನಲ್ಲಿ ಕೂತು ಹೋಗಿ ನೋಡಬಹುದಿತ್ತು. ನೋಡಲಿಲ್ಲ. ಮೀಟರ್ ಹೇಳಿದ ಅಂಕೆ ನಮಗೆ ಲಾಭದ್ದಾಗಿತ್ತು. ಅದು 46 ಅಂದಿದ್ದರೆ ಮಾರನೆಯ ದಿನವೇ ಟೇಪು ಹಿಡಿದು ಹೊರಡುತ್ತಿದ್ದೆವು ಅನ್ನುವುದರಲ್ಲಿ ನಮಗೆ ಸಂಶಯ ಇಲ್ಲ.

ಇನ್ನೊಂದು ವಿಷಯ ಆಮೇಲೆ ತಲೆಗೆ ಹೋಯಿತು. ಜೀಪು ನಲ್ವತ್ತು ದಾಟಬಾರದು ಅಂತ ಹೆತ್ತವರ ಸಭೆಯಲ್ಲಿ ತೀರ್ಮಾನವಾಗಿತ್ತು, ಜೀಪಿನಣ್ಣ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮುಳ್ಳು ನಲ್ವತ್ತು ಅನ್ನುವಾಗ ನಿಜವಾದ ವೇಗ 47. ದೂರವನ್ನು ಕಡಿಮೆ ಹೇಳುವ ಮೀಟರ್ ವೇಗವನ್ನೂ ಕಡಿಮೆಯೇ ಹೇಳುತ್ತದೆ. ಒಳಗೆ ಹನ್ನೆರಡು ಮಕ್ಕಳು, ಪಕ್ಕದಲ್ಲಿ ತೋಡು. ವಾಹನಗಳ ಮೀಟರಿಗೆ ವಿಶ್ವಸಂಸ್ಥೆಯ 39ನೇ ನಿಯಮಾವಳಿ ಅಂತ ಒಂದು ಉಂಟು. ಅದರ ಪ್ರಕಾರ ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ನಿಜವಾದ ವೇಗದ ಹತ್ತರಲ್ಲೊಂದು ಪಾಲು ಮತ್ತು ನಾಲ್ಕು ಕಿಲೋಮೀಟರಿನಷ್ಟು. ಆದರೆ ನಿಜಕ್ಕಿಂತ ಕಡಿಮೆ ಮಾತ್ರ ಯಾವತ್ತೂ ತೋರಿಸಕೂಡದು. ನಮ್ಮದು ಮಾಡಿದ್ದು ಸರಿಯಾಗಿ ಅದನ್ನೇ.

ಹಳೆಯ ಮೀಟರನ್ನೇ ಸರಿಮಾಡಲು ಆಗುವುದಿಲ್ಲವೆ ಅಂತ ಕೇಳಿದೆವು. ಟ್ರಾನ್ಸ್‌ಫರ್ ಕೇಸಿನಲ್ಲಿ ಕೇಬಲ್ ತಿರುಗಿಸುವ ಸಣ್ಣ ಪಿನಿಯನ್ ಉಂಟು. ಅದರ ಹಲ್ಲು ಕಡಿಮೆಯಾದರೆ ಕೇಬಲ್ ಹೆಚ್ಚು ತಿರುಗಿ ಲೆಕ್ಕ ಸರಿಹೋಗುತ್ತದೆ. ಆದರೆ ಬೇಕಾದ ಹಲ್ಲಿನದು ಎಲ್ಲಿಯೂ ಸಿಗಲಿಲ್ಲ. "ಎಲೆಕ್ಟ್ರಾನಿಕ್ ಹಾಕಿ ಮಾಷೆ, ಇನ್ನು ಮುಂದೆ ಟಯರ್ ಬದಲಿಸಿದ್ರೂ ನಂಬರ್ ಬದಲಿಸಿದ್ರೆ ಆಯ್ತು" ಅಂದರು ಮೆಕ್ಯಾನಿಕ್. ಖರ್ಚು ಈ ಸಲ ಪಿ.ಟಿ.ಎ.ಯದ್ದು ಅಂತ ನಾವು ಅಲ್ಲಿಯೇ ಹೇಳಿದೆವು, ಸಮಿತಿಯನ್ನು ಕೇಳದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದರೂ ಸ್ಪೇರ್‌ಪಾರ್ಟಿಗೆ ನಮ್ಮ ಜಿಲ್ಲೆ ನೋಡುವುದು ಮಂಗಳೂರನ್ನೇ. ಶನಿವಾರ ಹೋಗಿ ಸೆನ್ಸರ್ ಸಹಿತ ಮೀಟರ್ ತಂದೆವು, ಮೂರು ಸಾವಿರದ ಚಿಲ್ಲರೆ.

ಹಳೆಯ ಮೀಟರಿಗೆ ಕರೆಂಟು ಬೇಡವಾಗಿತ್ತು ಅನ್ನುವುದು ನಮಗೆ ಗೊತ್ತಾದದ್ದೇ ಹೊಸದನ್ನು ಕೂರಿಸುವಾಗ. ಹಳೆಯದರೊಳಗೆ ಕೇಬಲಿನ ತುದಿಗೊಂದು ಅಯಸ್ಕಾಂತ, ಅದನ್ನು ಮುಟ್ಟದ ಹಾಗೆ ಮುಚ್ಚಿಕೊಂಡ ಅಲ್ಯೂಮಿನಿಯಮಿನ ಬಟ್ಟಲು, ಬಟ್ಟಲಿಗೆ ಮುಳ್ಳು, ಮುಳ್ಳನ್ನು ಹಿಂದಕ್ಕೆ ಎಳೆಯುವ ಕೂದಲೆಳೆಯಂಥ ಸ್ಪ್ರಿಂಗು. ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದು ಅಯಸ್ಕಾಂತದ ಹಿಂದೆಯೇ ಹೋಗಲು ನೋಡುತ್ತದೆ. ಸ್ಪ್ರಿಂಗು ಬಿಡುವುದಿಲ್ಲ. ಇಬ್ಬರ ಜಗಳ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ತಿರುಗುವ ತಾಮ್ರದ ತಟ್ಟೆ ಅಯಸ್ಕಾಂತದ ಸೂಜಿಯನ್ನು ಎಳೆಯುತ್ತದೆ ಅಂತ ಅರಾಗೋ 1824ರಲ್ಲಿ ಕಂಡದ್ದು, ಯಾಕೆ ಅಂತ ಫ್ಯಾರಡೆ 1831ರಲ್ಲಿ ಹೇಳಿದ್ದು, ಅದನ್ನು ವೇಗದ ಮೀಟರ್ ಮಾಡಿ ಓಟ್ಟೋ ಶುಲ್ಟ್ಸೆ ಎಂಬ ಜರ್ಮನ್ ಎಂಜಿನಿಯರ್ ಪೇಟೆಂಟ್ ತೆಗೆದದ್ದು 1902ರಲ್ಲಿ. ಕಿಲೋಮೀಟರ್ ಎಣಿಸುವ ಅಂಕೆಗಳಿಗೆ ಬೇರೆಯೇ ಹಲ್ಲುಗಳ ಸಾಲು. ಹಳೆಯ ಜೀಪು ಮೀಟರುಗಳಲ್ಲಿ ಕೇಬಲ್ ಸಾವಿರ ಸುತ್ತು ತಿರುಗಿದರೆ ಒಂದು ಮೈಲು ಅಂತ ಲೆಕ್ಕ, ಅಂದರೆ ಕಿಲೋಮೀಟರಿಗೆ ಸುಮಾರು 621 ಸುತ್ತು. ಆ ಬಡಪಾಯಿ ಮೀಟರು ಸುಳ್ಳು ಹೇಳಲಿಲ್ಲ. ಬಂದ ಸುತ್ತನ್ನು ಸರಿಯಾಗಿಯೇ ಎಣಿಸಿತು, ಬರಬೇಕಾದಷ್ಟು ಬರಲಿಲ್ಲ ಅಷ್ಟೆ.

ಹೊಸದರಲ್ಲಿ ತಿರುಗುವ ಕೇಬಲ್ ಇಲ್ಲ. ಟ್ರಾನ್ಸ್‌ಫರ್ ಕೇಸಿನಲ್ಲಿ ಕೇಬಲ್ ಇದ್ದ ಜಾಗಕ್ಕೇ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್ ತಿರುಪಿ ಹಾಕುವುದು. ಒಳಗೆ ಸಣ್ಣ ಅಯಸ್ಕಾಂತ ತಿರುಗುತ್ತದೆ, ಅದನ್ನು ಹಾಲ್ ಸೆನ್ಸರ್ ಗುರುತಿಸುತ್ತದೆ. ಎಡ್ವಿನ್ ಹಾಲ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ 1879ರಲ್ಲಿ ಕಂಡುಹಿಡಿದ ಸಂಗತಿ ಇದು. ಒಂದು ಸುತ್ತಿಗೆ ಎಂಟು ಮಿಡಿತ. ಮೂರು ವಯರು: ಒಂದು ಕರೆಂಟಿಗೆ, ಒಂದು ಅರ್ತಿಗೆ, ಒಂದು ಮಿಡಿತವನ್ನು ಮೀಟರಿಗೆ ಒಯ್ಯಲು. ಕಿಲೋಮೀಟರಿಗೆ ಎಷ್ಟು ಮಿಡಿತ ಅಂತ ಮೀಟರಿಗೆ ನಾವು ಹೇಳಿಕೊಡಬೇಕು, ಉಳಿದದ್ದು ಅದರ ಕೆಲಸ.

ಕೇಳಲು ಸುಲಭ. ಡ್ಯಾಶ್‌ಬೋರ್ಡಿನ ತೂತು ದೊಡ್ಡದು, ಹೊಸ ಮೀಟರ್ ಸಣ್ಣದು, ತಗಡು ಕತ್ತರಿಸಿ ಹಲಗೆ ಮಾಡಿದರು. ಸ್ಟಾರ್ಟ್ ಮಾಡಿದರೆ ಮುಳ್ಳು ಸೊನ್ನೆಯಲ್ಲಿ ಚಂದಕ್ಕೆ ನಿಂತಿತು. ಜೀಪಿನಣ್ಣ ಹಾರ್ನ್ ಒತ್ತಿದರು ನೋಡಿ, ನಿಂತ ಜೀಪು ಅರವತ್ತರ ವೇಗದಲ್ಲಿ ಹೋಗುತ್ತಿದೆ ಅಂತ ಮೀಟರ್ ಸಾರಿತು! ಇಂಡಿಕೇಟರ್ ಹಾಕಿದರೆ ತಾಳ ಹಾಕಿದ ಹಾಗೆ ಮುಳ್ಳು ಏರುವುದು ಇಳಿಯುವುದು. ಜೀಪಿನಣ್ಣ ಆ ವಾರದಲ್ಲಿ ಮೊದಲ ಸಲ ನಕ್ಕರು. "ಇದಕ್ಕಿಂತ ನಮ್ಮ ಹಳೇದೇ ಆಗ್ಬಹುದಿತ್ತಲ್ಲ ಮಾಷ್ಟ್ರೆ, ಇದರಲ್ಲಿ ನಿಂತಲ್ಲಿಯೇ ಬಾಡಿಗೆ ಆಗ್ತದೆ!"

ಕಾರಣ ಎರಡು. ಹಳೆಯ ಜೀಪಿನ ಮೈಯೇ ಅರ್ತು. ಆದರೆ ಮಳೆಗಾಲ ಎಷ್ಟೋ ಕಂಡ ಮೈ ತುಕ್ಕು ಹಿಡಿದು, ಬಣ್ಣ ಬಳಿದು, ಡ್ಯಾಶ್‌ಬೋರ್ಡಿನಿಂದ ಬ್ಯಾಟರಿಗೆ ಕರೆಂಟು ಹಿಂದಿರುಗುವ ದಾರಿ ಸರಿಯಿರಲಿಲ್ಲ. ಹಾರ್ನಿನ ಕರೆಂಟು ತನಗೆ ಸಿಕ್ಕಿದ ದಾರಿಯಲ್ಲಿ ನುಗ್ಗಿ ಮೀಟರನ್ನು ಅಲ್ಲಾಡಿಸುತ್ತಿತ್ತು. ಅದು ಸಾಲದು ಅಂತ ಮಿಡಿತದ ವಯರನ್ನು ಹಾರ್ನಿನ ವಯರಿನ ಜೊತೆಗೇ ಕಟ್ಟಿದ್ದರು. ಮೀಟರಿನಿಂದ ನೇರ ಬ್ಯಾಟರಿಯ ನೆಗೆಟಿವಿಗೆ ಪ್ರತ್ಯೇಕ ಅರ್ತ್ ವಯರು ಎಳೆದು, ಮಿಡಿತದ್ದಕ್ಕೆ ಹೆಣೆದ ಕವಚವಿರುವ ವಯರು ಹಾಕಿ, ಅದನ್ನು ಷಾಸಿಯ ಇನ್ನೊಂದು ಬದಿಯಿಂದ, ಸೈಲೆನ್ಸರಿನಿಂದ ದೂರ ಒಯ್ದ ಮೇಲೆ ಮುಳ್ಳು ಕುಣಿಯುವುದು ನಿಂತಿತು. ಇಷ್ಟಕ್ಕೆ ಇಡೀ ಭಾನುವಾರ ಹೋಯಿತು. ಮಧ್ಯಾಹ್ನ ಮೆಕ್ಯಾನಿಕ್ ಮನೆಯಿಂದ ಗಂಜಿ, ಉಪ್ಪಿನಕಾಯಿ, ಒಣಮೀನು ಬಂತು. ನಮ್ಮಲ್ಲಿ ಮೀನು ತಿನ್ನದವರೊಬ್ಬರಿಗೆ ಮೊಸರನ್ನೂ ನೆನಪಿಟ್ಟು ಕಳಿಸಿದ್ದರು.

ಮಕ್ಕಳ ಲೆಕ್ಕದ ಪ್ರಕಾರ ಈಗಿನ ಕೇಬಲಿನ ಸುತ್ತು ಕಿಲೋಮೀಟರಿಗೆ 621ರ 85 ಪಾಲು, ಅಂದರೆ 528. ಎಂಟರಿಂದ ಗುಣಿಸಿದರೆ 4224 ಮಿಡಿತ. ಆ ಅಂಕೆಯನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು, ಮಾರನೆಯ ದಿನ ಸಂಜೆ ಚೆರ್ಕಳ-ಕಲ್ಲಡ್ಕ ರಸ್ತೆಗೆ ಹೋದೆವು. ನೇರವಾದ ಜಾಗ ನೋಡಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಓಡಿಸುವುದು, ಹೊರಡುವಾಗ ಒಮ್ಮೆ ಗುಂಡಿ ಒತ್ತುವುದು, ಮುಟ್ಟಿದಾಗ ಒಮ್ಮೆ. ಮೀಟರ್ ತಾನೇ ಎಣಿಸಿಕೊಳ್ಳುತ್ತದೆ. ಮಕ್ಕಳ ಭಾರಕ್ಕೆ ಸಮ ಇರಲಿ ಅಂತ ನಾವು ಐದು ಮಂದಿ ಅಧ್ಯಾಪಕರು ಹಿಂದೆ ಕೂತಿದ್ದೆವು. ಬಂದ ಅಂಕೆ 4261. ಚೀಟಿಯ ಲೆಕ್ಕಕ್ಕೂ ಇದಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ! ಆ ಸ್ವಲ್ಪ ಹೆಚ್ಚಾದದ್ದು ಭಾರಕ್ಕೆ ಟಯರು ತಗ್ಗಿ, ಸುತ್ತು ಕೊಂಚ ಹೆಚ್ಚು ಬಂದುದರಿಂದ ಇರಬೇಕು. "ಮಾಷ್ಟ್ರುಗಳ ಭಾರ" ಅಂದರು ಜೀಪಿನಣ್ಣ. ಹಿಂದಿರುಗುವಾಗ ಮೊಬೈಲಿನ ಜಿ.ಪಿ.ಎಸ್. ಎದುರಿಗಿಟ್ಟುಕೊಂಡು ನೋಡಿದೆವು. ಮೀಟರ್ ನಲ್ವತ್ತು ಅಂದಾಗ ಮೊಬೈಲೂ ನಲ್ವತ್ತು ಅನ್ನುತ್ತಿತ್ತು, ಒಂದೊಂದು ಸಲ 39.

ಸಮಿತಿಯ ಸಭೆ ಅಷ್ಟು ಸುಲಭದ್ದಾಗಲಿಲ್ಲ. ದಿನಕ್ಕೆ 6 ಕಿಲೋಮೀಟರ್, ಆವರೆಗಿನ 128 ದಿನಕ್ಕೆ 768, ಇಪ್ಪತ್ತರಂತೆ 15,360 ರೂಪಾಯಿ. ಅಷ್ಟು ಹಣ ಎಲ್ಲಿಂದ, ಆಗ ಅವರೂ ಒಪ್ಪಿ ಸಹಿ ಹಾಕಿದ್ದಾರಲ್ಲ ಅಂತ ಒಬ್ಬರು ಕೇಳಿದರು. ನಾವು ಕರಿಹಲಗೆಯ ಲೆಕ್ಕವನ್ನೇ ತೋರಿಸಿದೆವು. ಆಗಸ್ಟಿನ ಸಭೆಯಲ್ಲಿ ಸುಮ್ಮನಿದ್ದದ್ದು ನಮ್ಮ ತಪ್ಪು ಅಂತಲೂ ಹೇಳಿದೆವು. ಡೀಸೆಲ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದವರು ಏನೂ ಮಾತಾಡಲಿಲ್ಲ, ಆದರೆ ಹಣ ಕೊಡಬೇಕು ಅನ್ನುವಾಗ ಮೊದಲು ಕೈ ಎತ್ತಿದ್ದು ಅವರೇ. ಅರ್ಧ ಪಿ.ಟಿ.ಎ. ನಿಧಿಯಿಂದ, ಅರ್ಧ ನಾವು ಅಧ್ಯಾಪಕರು ಮತ್ತು ಸಮಿತಿಯವರು ಹಾಕಿಕೊಂಡೆವು. ಹಣ ಕೊಡಲು ಅವರ ಮನೆಗೇ ಹೋದೆವು. ಬೇಡ ಅನ್ನುತ್ತಾರೇನೋ ಅಂತ ನಮ್ಮೊಳಗೊಂದು ಆಸೆ ಇತ್ತೋ ಏನೋ... ಅನ್ನಲಿಲ್ಲ. ಎರಡು ಸಲ ಎಣಿಸಿ, ಸೊಸೈಟಿಯ ಪಾಸ್‌ಬುಕ್ಕಿನೊಳಗೆ ಇಟ್ಟರು. ಅವರ ಮನೆಯವರು ಚಹಾ ತಂದರು, ನಮ್ಮ ಮುಖ ನೋಡದೆ ಇಟ್ಟು ಹೋದರು. ಜೂನಿನ ಬಗ್ಗೆ ಕೇಳಲು ನಮಗೆ ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಈ ಸಾಲು ಬರೆಯುವ ಹೊತ್ತಿಗೂ ಹೇಳಿಲ್ಲ.

ಹಳೆಯ ಮೀಟರ್ ಈಗ ಶಾಲೆಯಲ್ಲಿದೆ. ಟಿ.ಸಿ.ಎಚ್.ನಲ್ಲಿ ರಟ್ಟು, ಬೆಂಕಿಪೆಟ್ಟಿಗೆಗಳಲ್ಲಿ ಪಾಠೋಪಕರಣ ಮಾಡಿ ಅಂಕ ಗಿಟ್ಟಿಸಿದ್ದ ನಮಗೆ ಇಷ್ಟು ಒಳ್ಳೆಯ ಪಾಠೋಪಕರಣ ಯಾವತ್ತೂ ಸಿಕ್ಕಿರಲಿಲ್ಲ. ತುಂಡು ಕೇಬಲನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ಮಕ್ಕಳು ತಿರುಗಿಸುತ್ತಾರೆ, ಮುಳ್ಳು ಮೆಲ್ಲಗೆ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಬಿಚ್ಚುವ ದಿನ ಅದರಲ್ಲಿದ್ದ ಕಿಲೋಮೀಟರನ್ನು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡಿದ್ದೆವು. ಈಗ ಮಕ್ಕಳು ಜಗಲಿಯಲ್ಲಿ ಕೂತು ಅದಕ್ಕೆ ಇನ್ನೂ ಮೂರು ಕಿಲೋಮೀಟರ್ ಸೇರಿಸಿದ್ದಾರೆ.

ಹೊಸ ಮೀಟರ್ ಬಂದ ಮೇಲೆ ಶಾಲೆಯ ಮೊದಲ ಪೂರ್ತಿ ದಿನ, ಸಂಜೆ ಎರಡನೇ ಟ್ರಿಪ್ ಮುಗಿಸಿ ಜೀಪು ಬಂತು. ರಿಜಿಸ್ಟರ್ ಹಿಡಿದು ನಾವೇ ಹತ್ತಿರ ಹೋದೆವು. 40.3. ಹಾಗೆಯೇ ಬರೆದೆವು. ಜೀಪಿನಣ್ಣ ಕನ್ನಡಕ ಹಾಕಿಕೊಂಡು ಅಂಕೆಯನ್ನು ನೋಡಿ, ಪೆನ್ನು ತೆಗೆದುಕೊಂಡು, ಸಹಿ ಹಾಕದೆ ನಿಂತರು.

"ಆ ಪಾಯಿಂಟ್ ಮೂರು ಹೊಡೆದು ಹಾಕಿ ಮಾಷ್ಟ್ರೆ. ಅದು ನಾನು ಮಧ್ಯೆ ಚಾಯಕ್ಕೆ ಹೋದದ್ದು."